ರುಚಿ ಪುಸ್ತಕದಲ್ಲಿ ನಾನು ಬರೆದದ್ದು

ಮುಖ್ಯೋಪಾಧ್ಯಾಯಿನಿಯವರಿಗೆ ಎರಡನೇ ತರಗತಿಯ ಪುಟ್ಟಿಯ ತಾಯಿ, ಮೂಲೆ ಅಂಗಡಿಯ ದರ್ಜಿ, ಮಾಡುವ ನಮಸ್ಕಾರ.

ಮಕ್ಕಳಿಗೆ ಬಡಿಸುವ ಮೊದಲು ಪೋಷಕರೊಬ್ಬರು ಶಾಲೆಯ ಬಿಸಿಯೂಟದ ರುಚಿ ನೋಡಿ ಪುಸ್ತಕದಲ್ಲಿ ಬರೆಯಬೇಕೆಂಬುದು ಸರ್ಕಾರದ ನಿಯಮ. ಸೋಮವಾರ ನನ್ನ ಸರದಿ. "ಬೇಳೆ ಸಾರಿಗೆ ಉಪ್ಪು ಹೆಚ್ಚಾಗಿದೆ, ಬಾಯಿಗಿಡುವಂತಿಲ್ಲ" ಎಂದು ಬರೆದೆ. ನಿಯಮದಂತೆ ನೀವು ಪಾತ್ರೆಯನ್ನು ಪಕ್ಕಕ್ಕಿಟ್ಟು ಮಕ್ಕಳಿಗೆ ಬಾಳೆಹಣ್ಣು ಹಂಚಿದಿರಿ. ಅಡುಗೆಯವರಿಗೆ ನೋಟಿಸ್ ಹೋಯಿತು.

ಉಪ್ಪು ಸರಿಯಾಗಿಯೇ ಇತ್ತು.

ಮನೆಯಲ್ಲಿ ಎರಡು ತುತ್ತಿಗೇ ಮುಖ ತಿರುಗಿಸುವ ಪುಟ್ಟಿ ಶಾಲೆಯಲ್ಲಿ ಎರಡೆರಡು ಸಲ ಹಾಕಿಸಿಕೊಳ್ಳುತ್ತಾಳಂತೆ. "ಅಮ್ಮಾ, ನೀನೂ ಅಡುಗೆ ಆಂಟಿ ಥರ ಮಾಡೇ" ಅಂತ ದಿನಾ ನನ್ನ ಪ್ರಾಣ ತಿನ್ನುತ್ತಾಳೆ. ಹೊಟ್ಟೆ ಉರಿಯಿತು, ಬರೆದುಬಿಟ್ಟೆ. ಅವತ್ತು ಹಸಿದು ಬಂದವಳು ನಾನು ಮಾಡಿದ್ದನ್ನು ತಟ್ಟೆ ತುಂಬ ಉಂಡಳು. ನನಗೆ ಖುಷಿಯೇ ಆಯಿತು, ಅದನ್ನೂ ಮುಚ್ಚಿಡುವುದಿಲ್ಲ. ಮರುದಿನ ಮತ್ತೆ ಎರಡೇ ತುತ್ತು.

ದಯವಿಟ್ಟು ನೋಟಿಸ್ ವಾಪಸ್ ಪಡೆಯಿರಿ. ಪುಸ್ತಕದಲ್ಲಿ ನನ್ನ ಸಾಲಿನ ಕೆಳಗೇ ನಿಜ ಬರೆದು ಸಹಿ ಹಾಕುತ್ತೇನೆ. ಇನ್ನು ಮುಂದೆ ನನಗೆ ಸರದಿ ಕೊಡದಿದ್ದರೂ ಸರಿ.

ಇನ್ನೊಂದು ಮಾತು. ಆ ಬೇಳೆ ಸಾರಿಗೆ ಅಡುಗೆಯವರು ಏನು ಹಾಕುತ್ತಾರೆಂದು ಕೇಳಿ ತಿಳಿಸುತ್ತೀರಾ? ಕೇಳಿದ್ದು ನಾನೆಂದು ಮಾತ್ರ ಹೇಳಬೇಡಿ.

ಇಂತಿ,
ಪುಟ್ಟಿಯ ಅಮ್ಮ