ಇಬ್ಬರ ತೂಕ

ಅಕ್ಕಾ,

ಇದು ನಿನಗೆ ತಲುಪುವುದಿಲ್ಲ. ಆದರೂ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ನಾವು ಹುಡುಕುತ್ತಿದ್ದ ಫ್ಲೈಯಿಂಗ್ ಸ್ಕೂಲ್ ಸಿಕ್ಕಿತು. ದೂರದ ದೇಶ, ಆದರೆ ಕೈಗೆಟುಕುವ ಫೀಸು. ಇಷ್ಟು ಅಗ್ಗ ಯಾಕೆಂದು ಇವತ್ತು ವಿಡಿಯೊ ಕಾಲ್‌ನಲ್ಲಿ ಅಲ್ಲಿನ ಟೀಚರಮ್ಮನನ್ನು ಕೇಳಿಯೇಬಿಟ್ಟೆ.

"ರನ್‌ವೇ ಅಂದ್ರೆ ಬರೀ ಹುಲ್ಲು. ವಿಮಾನಕ್ಕೆ ನಿಮ್ಮಮ್ಮನ ವಯಸ್ಸು. ಎಂಜಿನ್ ಮಾತ್ರ ಹೊಸದು," ಎಂದರು.

ನೀನಿದ್ದಿದ್ದರೆ "ಎಂಜಿನ್ ತೋರಿಸಿ" ಅನ್ನುತ್ತಿದ್ದೆ. ನಾನೂ ಹಾಗೇ ಅಂದೆ. ಪಾಪ, ಫೋನ್ ಹಿಡಿದುಕೊಂಡೇ ಹೋಗಿ, ವಿಮಾನದ ಮೂತಿಯ ಮುಚ್ಚಳ ತೆಗೆದು ತೋರಿಸಿದರು. ನಮ್ಮ ಒಲೆಗಿಂತ ಚೊಕ್ಕಟವಾಗಿತ್ತು.

"ಎರಡೇ ಸೀಟಿನ ಪುಟ್ಟ ವಿಮಾನ. ನಿಮ್ಮ ತೂಕ ಎಷ್ಟು?"

"ನೂರಹನ್ನೆರಡು ಕೆಜಿ," ಎಂದೆ ಥಟ್ಟನೆ.

ಅವರು ಕಡ್ಡಿಯಂಥ ನನ್ನ ಕತ್ತನ್ನೇ ನೋಡಿದರು. "ನೀವೊಬ್ರೇನಾ?"

ನಿನ್ನ ಪಾರ್ಸೆಲ್ ಆಫೀಸಿನ ತೂಕದ ಯಂತ್ರದ ಮೇಲೆ ನನ್ನನ್ನೂ ಎಳೆದುಕೊಂಡು ನಿಲ್ಲುತ್ತಿದ್ದೆಯಲ್ಲ, "ಹಾರೋದು ಇಬ್ರೂ ತಾನೇ, ಸೇರಿಸೇ ತೂಗ್ಬೇಕು ಕಣೇ" ಅಂತ. ಬಾಯಿಗೆ ಬಂದದ್ದು ಆ ಲೆಕ್ಕ.

"ತಪ್ಪಾಯ್ತು. ನಾನೊಬ್ಳೇ," ಎಂದೆ.

"ಹಾಗಾದ್ರೆ ಸರಿಯಾದ್ದು ಹೇಳಿ, ಬರ್ಕೋತೀನಿ."

ಅಕ್ಕಾ, ನನ್ನೊಬ್ಬಳ ತೂಕ ನನಗೆ ಗೊತ್ತಿರಲಿಲ್ಲ.