ನಿಮ್ಮ ಡಾಂಬರು ನುಂಗಿದ ಸದ್ದು

ನಮ್ಮ ವಾರ್ಡಿನ ರಸ್ತೆಗಳ ಹೊಣೆ ಹೊತ್ತ ಮಾನ್ಯ ಇಂಜಿನಿಯರ್ ಸಾಹೇಬರೇ,

ರಸ್ತೆ ಹಾಳಾಗಿದೆ ಎಂದು ದೂರಲು ನಾನು ಬರೆಯುತ್ತಿಲ್ಲ. ಅದಕ್ಕೆ ನಾವು ಒಗ್ಗಿಹೋಗಿದ್ದೇವೆ. ಎರಡು ವಾರದ ಮಟ್ಟಿಗೆ ರಸ್ತೆ ಚೆನ್ನಾಗಿ ಕಾಣುವಂತೆ ಮಾಡಿದಿರಲ್ಲ, ಅದರಿಂದ ನನ್ನ ವ್ಯಾನಿನಲ್ಲಿದ್ದ ಶಾಲೆ ಮಕ್ಕಳ ಜೀವ ಹೋಗುವುದರಲ್ಲಿತ್ತು. ನನ್ನ ದೂರು ಅದು.

ಶ್ರೀಗಂಧದ ಕಾವಲಿನ ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುವ ವ್ಯಾನ್ ಓಡಿಸುವವಳು ನಾನು. ಕಳೆದ ತಿಂಗಳು ಗಾಡಿಯ ಮುಂದೆ, ಎಡಗಡೆಯಿಂದ ಕಟಕ್ ಕಟಕ್ ಎಂಬ ಸದ್ದು ಶುರುವಾಯಿತು. ಅದೂ ಗುಂಡಿಗೆ ಇಳಿದಾಗ ಮಾತ್ರ. ಮೆಕ್ಯಾನಿಕ್ ಭರಮಪ್ಪ ನೋಡಿ, ಚಕ್ರದ ಪಕ್ಕದ ಲಿಂಕ್ ರಾಡ್ ಎಂಬ ಸರಳು ಸವೆದಿದೆ ಎಂದು ಬದಲಾಯಿಸಿದರು. ನಮ್ಮ ಕಡೆಯ ಗ್ಯಾರೇಜಿನವರಿಗೆ ಒಂದು ಪದ್ಧತಿಯಿದೆ, ತಮಗೆ ತಿಳಿದಿರಲಿಕ್ಕಿಲ್ಲ. ರಿಪೇರಿಯಾದ ಗಾಡಿಯನ್ನು ನೀರಿನ ಟ್ಯಾಂಕ್ ಮುಂದಿನ ಗುಂಡಿ ರಸ್ತೆಗೆ ಒಯ್ದು, ಕಿಟಕಿ ಇಳಿಸಿ ಒಂದು ಸುತ್ತು ಓಡಿಸುತ್ತಾರೆ. ಅಲ್ಲಿ ಸದ್ದು ಬರದಿದ್ದರೆ ಗಾಡಿ ಸರಿಯಾಯಿತೆಂದೇ ಲೆಕ್ಕ. ತಮ್ಮ ಇಲಾಖೆ ನಮಗೆ ಕೊಟ್ಟ ಏಕೈಕ ನಂಬಿಕಸ್ಥ ಸೌಲಭ್ಯ ಅದು. ಎಷ್ಟೋ ವರ್ಷಗಳಿಂದ ಕೈಕೊಟ್ಟಿರಲಿಲ್ಲ.

ಆದರೆ ಮಂತ್ರಿಗಳು ಯಾವುದೋ ಉದ್ಘಾಟನೆಗೆ ಬರುತ್ತಾರೆಂದು ತಾವು, ನಾವು ಗಾಡಿ ಒಯ್ದ ಹಿಂದಿನ ದಿನವೇ, ಆ ಗುಂಡಿಗಳ ಮೇಲೆ, ಶಾಲೆಯ ದಾರಿಯುದ್ದಕ್ಕೂ ತೆಳ್ಳಗೆ ಡಾಂಬರು ಬಳಿಸಿದ್ದಿರಿ. ತಿಪ್ಪೆ ಸಾರಿಸುವುದೆಂದರೆ ಇದೇ ಅಲ್ಲವೇ? ವ್ಯಾನು ಸರಾಗವಾಗಿ ಸಾಗಿತು.

"ನೋಡಿ ಅಕ್ಕ, ಒಂದ್ ಚೂರೂ ಸದ್ದಿಲ್ಲ. ರೋಡೂ ಸರಿಯಾಯ್ತು, ಗಾಡೀನೂ ಸರಿಯಾಯ್ತು ಬಿಡಿ!" ಎಂದರು ಭರಮಪ್ಪ.

ಇಬ್ಬರೂ ನಕ್ಕೆವು. ಗುಂಡಿಯೇ ಇಲ್ಲದ ಮೇಲೆ ಸದ್ದು ಎಲ್ಲಿಂದ ಬರಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ. ನಯವಾದ ರಸ್ತೆ ಕಂಡ ಸಂತೋಷ ನಮಗೆ ಅಷ್ಟು ಅಪರೂಪ ಸಾಹೇಬರೇ, ತಲೆಯೇ ಓಡಲಿಲ್ಲ.

ಎರಡು ವಾರದ ಮೇಲೆ ಬಿದ್ದ ಮೊದಲ ಮಳೆಗೇ ನಿಮ್ಮ ಡಾಂಬರು ಹಪ್ಪಳದಂತೆ ಎದ್ದಿತು. ಮರುದಿನ ಬೆಳಿಗ್ಗೆ ಮಕ್ಕಳನ್ನು ಕೂರಿಸಿಕೊಂಡು ಬರುವಾಗ, ಅದೇ ಟ್ಯಾಂಕ್ ಮುಂದೆ ಎಡಚಕ್ರ ಗುಂಡಿಗೆ ಬಿತ್ತು. ಚಕ್ರವನ್ನು ಹಿಡಿದಿಡುವ ಬಾಲ್ ಜಾಯಿಂಟ್ ಕಳಚಿ, ಚಕ್ರ ಹೊರಕ್ಕೆ ಮಡಚಿಕೊಂಡಿತು. ಮೊದಲಿನಿಂದ ಕಟಕ್ ಎಂದು ಕೂಗುತ್ತಿದ್ದದ್ದು ಲಿಂಕ್ ರಾಡ್ ಅಲ್ಲ, ಅದೇ. ವ್ಯಾನು ಟ್ಯಾಂಕಿನ ಕಾಂಪೌಂಡ್ ಗೋಡೆಗೆ ಗುದ್ದಿ ನಿಂತಿತು. ಎರಡನೇ ಕ್ಲಾಸಿನ ಸೌಮ್ಯಶ್ರೀಯ ತುಟಿ ಒಡೆದು ಯೂನಿಫಾರ್ಮ್ ತುಂಬ ರಕ್ತ. ಅವಳ ತಾಯಿ ನನ್ನನ್ನು ಬೈಯಲಿಲ್ಲ. "ನಿಮ್ಮನ್ನ ನಂಬಿ ಕಳಿಸ್ತಿದ್ವಿ ಅಕ್ಕ" ಎಂದಷ್ಟೇ ಹೇಳಿ ಮಗಳನ್ನು ಎತ್ತಿಕೊಂಡು ಹೋದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಭರಮಪ್ಪ ಗಾಡಿ ಎತ್ತಿ, ಚಕ್ರ ಅಲ್ಲಾಡಿಸಿ ನೋಡಬೇಕಿತ್ತು, ನಿಜ. ಆ ಜಗಳ ನಾನು ಅವರೊಂದಿಗೆ ಮಾಡಿ ಮುಗಿಸಿದ್ದೇನೆ. ಆಮೇಲೆ ತಮ್ಮ ಕಚೇರಿಗೂ ಬಂದಿದ್ದೆ. ತಾವು ಎಂದಿನಂತೆ ಮೀಟಿಂಗಿನಲ್ಲಿದ್ದಿರಿ. "ಏನ್ ಮೇಡಮ್, ಗುಂಡಿ ಇದ್ರೂ ಬೈತೀರಾ, ಮುಚ್ಚಿದ್ರೂ ಬೈತೀರಾ?" ಎಂದು ತಮ್ಮ ಸಹಾಯಕರು ನಕ್ಕರು. ಮುಚ್ಚಿದ್ದರೆ ಏಕೆ ಬೈಯಲಿ? ಮಂತ್ರಿಗಳ ಕಾರು ಕುಲುಕದಿದ್ದರೆ ಸಾಕೆಂದು ಗುಂಡಿಗಳನ್ನು ಬಚ್ಚಿಟ್ಟಿರಿ. ನಾಚಿಕೆಯಾಗುವುದಿಲ್ಲವೇ ನಿಮಗೆ?

ಆ ರಸ್ತೆಯನ್ನು ಬುಡದಿಂದ ಅಗೆದು, ಜಲ್ಲಿ ಹಾಕಿ, ಮಳೆಗೆ ನಿಲ್ಲುವಂತೆ ಮಾಡಿಸಿ. ಕೈಲಾಗದಿದ್ದರೆ ಗುಂಡಿಗಳನ್ನು ಹಾಗೆಯೇ ಬಿಡಿ, ಕೈಮುಗಿಯುತ್ತೇನೆ. ಮಾಡಿಸಿದಿರಾದರೆ, ಮಳೆ ಬಿದ್ದ ಮರುದಿನ ಬೆಳಿಗ್ಗೆ ನನ್ನ ವ್ಯಾನಿನಲ್ಲಿ ಕುಳಿತು ಟ್ಯಾಂಕ್ ತನಕ ಬನ್ನಿ. ಜಾಗವಿದೆ. ಸೌಮ್ಯಶ್ರೀ ಕೂರುತ್ತಿದ್ದ ಕಿಟಕಿ ಪಕ್ಕದ ಸೀಟು ಈಗ ಖಾಲಿ.

ಇಂತಿ,
ಸದ್ದಿಲ್ಲದ ಗಾಡಿಯನ್ನು ಇನ್ನೆಂದೂ ನಂಬದ
ಜಯದೇವಿ, ವ್ಯಾನ್ ಚಾಲಕಿ