ಹಳ್ಳದ ಕಡೆ ತಂತಿ

೩-೧೨-೨೦೦೬, ಭಾನುವಾರ

ಮಗ್ಗೆ ರೋಡಿನ ಕಡೆ ತಂತಿ ಮುಗೀತು. ಗೆದ್ದಲು ತಿಂದ ಗೂಟ ಕಿತ್ತು ಬೇರೆ ನೆಟ್ಟೆ. ನಾಳೆ ಹಳ್ಳದ ಕಡೆ. ಸಂಜೆಯೇ ಹೋಗಿ ಮೂಲೆ ಗೂಟದ ತಂತಿ ಬಿಗಿಯೋ ಗಾಲಿ ಸಡಿಲಿಸಿ, ಕರೆಂಟ್ ತಂತಿ ಅಷ್ಟೂ ನೆಲಕ್ಕೆ ಇಳಿಸಿ ಬಂದೆ. ಜಯಕುಮಾರ ಸಿಡಿಮಿಡಿ. ರಾತ್ರಿಯೆಲ್ಲ ಬೇಲಿ ಬಿದ್ದಿರ್ತದಲ್ಲ ದೊಡ್ಡಮ್ಮ, ಬೆಳಿಗ್ಗೆ ಇಳಿಸಿದ್ರೆ ಆಗಲ್ವಾ ಅಂತ. ತಂಗಿ ಮಗ. ಫಾರ್ಮು ಅವನ್ದು, ಹಸು ಅವನ್ದು. ತಂತಿ ಮಾತ್ರ ನಂದು. ಮಂಜಲ್ಲಿ ನೆಂದು ತಣ್ಣಗಾದ ತಂತೀನ ಹೊತ್ತು ಹುಟ್ಟೋ ಮೊದ್ಲೇ ಬಿಗೀಬೇಕು. ಬಿಸಿಲಲ್ಲಿ ಬಿಗಿದ್ರೆ ಚಳಿಗೆ ಸೆಟೆದು ಮೂಲೆ ಗೂಟಾನೇ ಕೀಳ್ತದೆ. ಎಷ್ಟು ಸಲ ಹೇಳೋದು.

ಮಂಡಿ ನೋವು. ಎಣ್ಣೆ ಹಚ್ಚಿದೆ.

೪, ಸೋಮವಾರ

ಮಂಜು. ಕೈ ಚಾಚಿದ್ರೆ ಕೈ ಕಾಣ್ದು. ಆದ್ರೂ ಬಿಗಿದೆ. ಬೆರಳಲ್ಲಿ ಮೀಟಿದ್ರೆ ಟಣ್ ಅನ್ಬೇಕು, ಅಂತು. ಹಳ್ಳದ ಆಚೆ ಬಸಮ್ಮ ಗದ್ದೆ ಬದೂಲಿ ನಿಂತು, ಎಷ್ಟು ಬಿಗೀತೀಯೇ ರಾಮಿ, ಉಳಿದಿದ್ರೆ ನಿನ್ನ ಬಾಯಿಗೂ ಒಂದು ಸುತ್ತು ಹಾಕ್ಕೋ ಅಂದ್ಲು. ಮೊದ್ಲು ನಿನ್ನ ಭತ್ತ ಕುಯ್ಯಿ, ತಲೆ ನೆಲಕ್ಕೆ ಹಾಕೈತೆ ಅಂದೆ. ಆಳು ಸಿಕ್ತಾ ಇಲ್ವಂತೆ, ಎಲ್ಲ ಕಾಫಿ ಕುಯ್ಲಿಗೆ ಎಸ್ಟೇಟಿಗೆ ಹೋಗವ್ರೆ. ಅವಳಿಗೆ ಇರೋದು ಅದೊಂದು ಗದ್ದೆ. ವರ್ಷದ ಅನ್ನ.

ಗದ್ದೆ ಮೂಲೇಲಿ ಏನೋ ತುಳಿದೈತೆ, ಹಂದಿ ಇರ್ಬೇಕು ಅಂದ್ಲು. ಹೂಂ ಅಂದೆ.

ಸಂಜೆ ಕರೆಂಟ್ ಹಾಕಿದ್ವಿ. ಒಳ್ಳೇ ನಿದ್ದೆ ಬರ್ತದೆ ಇವತ್ತು.

೫, ಮಂಗಳವಾರ

ಆನೆ ಒಳಗೈತೆ.

ಹಾಲು ಕರೆಯೋ ಹೊತ್ತಿಗೆ ಹೊಂಡದ ನೇಪಿಯರ್ ಹುಲ್ಲಲ್ಲಿ ಲಟಲಟ ಸದ್ದು. ಹಂದಿ ಅಂತ ಕಲ್ಲು ಬೀಸಿದೆ. ಕಪ್ಪಗೆ ಬೆನ್ನು ಎದ್ದಿತು. ಒಂಟಿ ಸಲಗ. ಈ ಮಂಡೀಲಿ ಕೊಟ್ಟಿಗೆವರೆಗೆ ಹೆಂಗೆ ಓಡಿದ್ನೋ.

ತಂತಿ ಬಿದ್ದಿದ್ದ ರಾತ್ರಿ ಬಂದೈತೆ. ನಾನು ಬಿಗಿಯೋವಾಗ ಬಿದಿರು ಮೆಳೇಲಿ ನಿಂತು ನೋಡ್ತಿತ್ತೇನೋ. ಅದ್ರ ಹಿಂದೆ ಬಾಗ್ಲು ಹಾಕ್ದಂಗೆ ಬಿಗಿದು, ಕರೆಂಟ್ ಕೊಟ್ಟು, ಕೈ ತೊಳ್ಕೊಂಡೆ. ಜಯಕುಮಾರ ನನ್ನ ಕಡೆ ನೋಡ್ದೆ ಫಾರೆಸ್ಟಿನವ್ರಿಗೆ ಹೇಳಕ್ಕೆ ಹೋದ. ಬೈದಿದ್ರೇ ವಾಸಿ ಇತ್ತು.

ಫಾರೆಸ್ಟ್ ಗಾರ್ಡು ಗೇಟಿಂದ ನೋಡಿ ಹೋದ. ಪಟಾಕಿ ಹೊಡೀಬೇಡಿ, ಗಾಬರಿಯಾಗಿ ಕೊಟ್ಟಿಗೆಗೇ ನುಗ್ತದೆ, ಬಂದ ದಾರೀಲೇ ಹೋಗ್ತದೆ, ತಂತಿ ಇಳಿಸಿ ದಾರಿ ಬಿಡಿ ಅಂದ. ಸರಿಯಾದ ಮಾತೇ. ಮೇಲ್ಗಡೆ ಎಸ್ಟೇಟಿನ ಆನೆ ಟ್ರೆಂಚು, ಈ ಕಡೆ ರೋಡು, ಮನೆ, ನಾಯಿ. ಉಳಿದದ್ದು ಹಳ್ಳ. ಹಳ್ಳ ದಾಟಿದ್ರೆ ಬಸಮ್ಮನ ಗದ್ದೆ. ಬರೋವಾಗ ಹುಲ್ಲಿನ ವಾಸನೆ ಹಿಡಿದು ಒಂದು ಮೂಲೆ ತುಳಿದು ಬಂದೈತೆ. ಹೋಗೋವಾಗ ಮಾಗಿದ ಭತ್ತ ಬಿಟ್ಟು ಹೋಗ್ತದಾ.

ಇಳಿಸೋದಿಲ್ಲ ಅಂದೆ. ಅವಳ ಕುಯ್ಲು ಮುಗೀಲಿ.

೬, ಬುಧವಾರ

ಹಳ್ಳದ ಮೋಟ್ರು ಪೈಪು ತುಳಿದು ಅಪ್ಪಚ್ಚಿ ಮಾಡೈತೆ. ಕೊಟ್ಟಿಗೆಗೆ ನೀರಿಲ್ಲ. ಆನೆಗೆ ಹೊಂಡದಲ್ಲಿ ಹುಲ್ಲೈತೆ, ನೀರೈತೆ, ನೆರಳೈತೆ. ಯಾಕೆ ಹೋದೀತು ಮಾರಾಯ. ನಮ್ಮ ಹಸು ಕೊಟ್ಟಿಗೇಲಿ ಕಟ್ಟಿದಲ್ಲೇ. ಬಾವಿ ನೀರು ಸೇದಿ ಸೇದಿ ಜಯಕುಮಾರನ ಹೆಂಡ್ತಿ ನಯನಾ ಅಂಗೈ ಬೊಬ್ಬೆ. ಸೀಮೆ ಹಸು ಕುಡಿಯೋ ನೀರೇನು ಸಣ್ಣದಾ. ಜಯಕುಮಾರ ಪಾಳ್ಯದಿಂದ ಜೀಪಲ್ಲಿ ಹುಲ್ಲು ತಂದ, ಒಂದು ಹೊತ್ತಿಗೆ ಆಯ್ತು. ಹಾಲಿನ ಆಟೋದವನು ಒಳಗೆ ಬರಲ್ಲ ಅಂತಾನೆ.

ಬೇಲಿ ಹಾಕಿದ್ದು ಆನೆಗೆ. ಕಟ್ಟಿಹಾಕಿಸ್ಕೊಂಡಿದ್ದು ನಾವು.

ಮಧ್ಯಾಹ್ನ ಕುಡುಗೋಲು ತಗೊಂಡು ರೋಡಿನ ಮೇಲೆ ಸುತ್ತು ಹಾಕಿ ಬಸಮ್ಮನ ಗದ್ದೆಗೆ ಹೋದೆ. ಒಬ್ಳೇ ಕುಯ್ತಿದ್ಲು. ಯಾಕೆ ಬಂದೆ ಅಂತಾನೂ ಕೇಳ್ಲಿಲ್ಲ, ಬಗ್ಗಿ ಕುಯ್ಯಿ, ಬುಡ ಬಿಡ್ಬೇಡ ಅಂದ್ಲು. ನನಗೆ ಹೇಳ್ಕೊಡ್ತಾಳೆ.

೭, ಗುರುವಾರ

ಕುಯ್ದೆ. ಮುದುಕೀರಿಬ್ರು ಎಷ್ಟು ಕುಯ್ದೇವು. ಆನೆ ಸುದ್ದಿ ಕೇಳಿ ಬರ್ತೀನಿ ಅಂದಿದ್ದ ಆಳೂ ಬರ್ಲಿಲ್ಲ. ಸೊಂಟ ಎತ್ತಕ್ಕಾಗ್ತಿಲ್ಲ. ತಂತಿ ಆಚೆಯಿಂದ ಹಸು ಕೂಗೋದು ಕೇಳ್ತದೆ. ಬಸಮ್ಮಂಗೂ ಕೇಳ್ತದೆ. ಇಬ್ರೂ ಬಗ್ಗಿ ಕುಯ್ತೀವಿ.

ಜಯಕುಮಾರ ಕೇಳಿದ — ನಮ್ಮ ದನ ಸಾಯ್ಲಾ ದೊಡ್ಡಮ್ಮ? ರೇಗ್ಬುಟ್ಟೆ. ಲೋಟ ಎಸೆದೆ. ಅವನು ಬಗ್ಗಿ ಎತ್ತಿಟ್ಟ.

೯, ಶನಿವಾರ. ಬೆಳಿಗ್ಗೆ

ನಿನ್ನೆ ಬರೀಲಿಲ್ಲ. ಮೊನ್ನೆ ಕರು ಹಾಕಿದ ಹಸು ಬಿದ್ದೈತೆ. ಏಳಲ್ಲ. ಕಿವಿ ತಣ್ಣಗೆ. ಡಾಕ್ಟ್ರು ಬಂದ್ರು, ಗೇಟಲ್ಲಿ ನಿಂತ್ರು. ಆನೆ ಕೊಟ್ಟಿಗೆ ಹಿಂದೆ ಸಗಣಿ ಗುಂಡಿ ಹತ್ರ ಬಂದಿತ್ತು. ಮಾಡಿನ ಶೀಟಿಗೆ ಸೊಂಡ್ಲು ಆಡಿಸ್ತಿತ್ತು. ಅವ್ರಾದ್ರೂ ಏನ್ ಮಾಡ್ತಾರೆ. ಔಷಧಿ ಬಾಟ್ಲು ಜಯಕುಮಾರನ ಕೈಗೆ ಕೊಟ್ಟು, ನಿಧಾನಕ್ಕೆ ಹಾಕು ಅಂತ ಹೇಳಿ ಹೋದ್ರು. ಅವನೇ ಸೂಜಿ ಹಾಕಿದ. ಇನ್ನೂ ಎದ್ದಿಲ್ಲ.

ಬಸಮ್ಮನ ಗದ್ದೇಲಿ ಅರ್ಧ ನಿಂತೈತೆ.

ಮಧ್ಯಾಹ್ನ

ಹೋಗಿ ಅವಳ ಮುಂದೆ ನಿಂತೆ. ಬೈಗುಳ ಬಿಟ್ರೆ ಬೇರೆ ಮಾತು ಕಲೀಲಿಲ್ಲ ನಾನು. ತಂತಿ ಕಡೆ ಕೈ ತೋರಿಸಿದೆ.

"ಇವತ್ತಾ?" ಅಂದ್ಲು.

"ಇವತ್ತು."

ನಿಂತ ಭತ್ತ ನೋಡಿದ್ಲು. ಒಂದು ತೆನೆ ಕಿತ್ತು ಅಂಗೈಲಿ ಉಜ್ಜಿ, ಊದಿ, ಕಾಳು ಬಾಯಿಗೆ ಹಾಕ್ಕೊಂಡ್ಲು.

"ಬಿಚ್ಚು. ಆದ್ರೆ ಕದ್ದು ಬಿಚ್ಬೇಡ ಕಣೇ. ನಾನೂ ಬತ್ತೀನಿ."

ಜಯಕುಮಾರ ಮನೇಲಿ ಕರೆಂಟ್ ತೆಗೆದ. ನಾವಿಬ್ರು ಹಳ್ಳದೊಳಗಿಂದ ಹತ್ತಿ ಮೂಲೆ ಗೂಟಕ್ಕೆ ಬಂದ್ವಿ. ಬಿಗಿದ ತಂತೀನ ಕತ್ತರಿಸಂಗಿಲ್ಲ, ಹಾವಿನಂಗೆ ಹಾರಿ ಮುಖ ಸೀಳ್ತದೆ. ಒಬ್ರು ಒತ್ತಿ ಹಿಡೀಬೇಕು, ಒಬ್ರು ಗಾಲಿ ತಿರುಗಿಸ್ಬೇಕು. ಅವಳು ಹಿಡಿದ್ಲು. ಎಳೆ ಎಳೆಯಾಗಿ ಸಡಿಲಾಯ್ತು. ಇಷ್ಟು ಬಿಗಿದಿದ್ದೀಯಲ್ಲೇ ಮುಂಡೆ ಅಂತ ಬೈತಾನೇ ಹಿಡಿದಿದ್ಲು. ಬೈಲಿ ಅಂತ ನಿಧಾನಕ್ಕೆ ತಿರುಗಿಸಿದೆ.

ತಂತಿ ನೆಲಕ್ಕೆ ಬಿತ್ತು. ಅವಳು ಮನೆಗೆ ಹೋಗ್ಲಿಲ್ಲ. ನಮ್ಮ ಜಗಲೀಲಿ ಕೂತವ್ಳೆ. ನಯನಾ ಕಾಫಿ ಕೊಟ್ಲು, ಆರೋಯ್ತು.

ಸಂಜೆ

ಇನ್ನೂ ಹೋಗಿಲ್ಲ. ಕೊಟ್ಟಿಗೆ ಹಿಂದೇನೇ ಉಸಿರು ಬಿಡ್ತೈತೆ. ಎಲ್ರೂ ಬಾಗ್ಲು ಹಾಕ್ಕೊಂಡು ಕೂತಿದ್ದೀವಿ. ಹೋಗು ಅಂತ ನಾನೂ ಬೇಡ್ಕೊಳ್ತೀನಿ, ಬಸಮ್ಮನ ಮುಖ ನೋಡಿದ್ರೆ ಹೋಗ್ಬೇಡ ಅನ್ನಿಸ್ತದೆ.

ಶೀಟು ಅಲ್ಲಾಡೋದು ನಿಂತೈತೆ. ಬಿದಿರು ಮುರೀತು. ಈಗ ಹಳ್ಳದ ನೀರಲ್ಲಿ ಸದ್ದು. ಬಸಮ್ಮ ಎದ್ದು ಕಿಟಕಿಗೆ ಹೋದ್ಲು. ನೋಡ್ಬೇಡ ಕಣೇ ಅಂದೆ. ಕೇಳ್ತಾ ಇಲ್ಲ. ನಾನೂ ಎದ್ದು ಅವಳ ಪಕ್ಕ ನಿಲ್ತೀನಿ, ಉಳಿದದ್ದು ನಾಳೆ ಬರೀತೀನಿ.